ಚುಕ್ಕಾಣಿಯ ಕಂಡಿ: ಹಾಯಿಹಡಗಿನ ಹಿಂಬದಿಯ ನೀರು ಮತ್ತು ಪಡುವಣ ಕಡಲಿನ ಚರಿತ್ರೆ

ಚುಕ್ಕಾಣಿ ಎಂಬ ಪದ ಇಂದಿನ ಕನ್ನಡದಲ್ಲಿ ಕಡಲ ತಡಿಗಿಂತ ಹೆಚ್ಚಾಗಿ ಪತ್ರಿಕೆಗಳ ರಾಜಕೀಯ ಪುಟಗಳಲ್ಲಿ ಕಾಣಸಿಗುತ್ತದೆ. ಪಕ್ಷದ ಚುಕ್ಕಾಣಿ, ಆಡಳಿತದ ಚುಕ್ಕಾಣಿ ಎಂದು ಬರೆಯುವವರಲ್ಲಿ ಹಡಗಿನ ಹಿಂಬದಿಯನ್ನು ಕಣ್ಣಾರೆ ನೋಡಿದವರು ಕಡಿಮೆ. ಗಡಿಯಾಚೆಯ ಕನ್ನಡಿಗರಿಗೆ ಈ ಪದದ ಇನ್ನೊಂದು ಲಕ್ಷಣವೂ ಪರಿಚಿತ. ಮನೆಯ ಭಾಷೆಯಲ್ಲಿ ಬಳಸಿದ ಪದವೇ ಬೀದಿಯ ಭಾಷೆಯಲ್ಲೂ ತುಸು ರೂಪ ಬದಲಿಸಿ ಎದುರಾಗುತ್ತದೆ. ಕಾಸರಗೋಡಿನವರು ಅದನ್ನು ಮಲಯಾಳದಲ್ಲಿ ಚುಕ್ಕಾನ್ ಎಂದೂ ಹೊಸೂರು, ತಾಳವಾಡಿಯವರು ತಮಿಳಿನಲ್ಲಿ ಸುಕ್ಕಾನ್ ಎಂದೂ ರಾಯದುರ್ಗ, ಮಡಕಶಿರದವರು ತೆಲುಗಿನಲ್ಲಿ ಚುಕ್ಕಾನಿ ಎಂದೂ ಸೊಲ್ಲಾಪುರ, ಜತ್ತಿನವರು ಮರಾಠಿಯಲ್ಲಿ ಸುಕಾಣೂ ಎಂದೂ ಕೇಳುತ್ತಾರೆ. ಇವುಗಳಲ್ಲಿ ಹೆಚ್ಚಿನ ಊರುಗಳಿಗೆ ಕಡಲೇ ಇಲ್ಲ. ಆದರೂ ಪದ ಅಲ್ಲಿಯವರೆಗೆ ನಡೆದುಬಂದಿದೆ. ಎಲ್ಲದರ ಹಿಂದಿರುವುದು ಅರಬ್ಬಿಯ ಸುಕ್ಕಾನ್. ಅದನ್ನು ಹಿಡಿದವನು ಪಾರಸಿ ಮತ್ತು ಹಿಂದೂಸ್ತಾನಿಯಲ್ಲಿ ಸುಕ್ಕಾನಿ. ಈಸ್ಟ್ ಇಂಡಿಯಾ ಕಂಪನಿಯ ಕಾಲದ ಇಂಗ್ಲಿಷ್ ನಾವಿಕರು ಅದನ್ನೇ ಸೀಕನಿ ಎಂದು ತಿದ್ದಿಕೊಂಡರು. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮನುಷ್ಯನಿಗೆ ಸಲ್ಲಬೇಕಾದ ರೂಪ ಉಪಕರಣಕ್ಕೆ ಸಂದಂತೆ ತೋರುತ್ತದೆ.

ಇದಕ್ಕಿಂತ ಹಳೆಯ ಪದವೊಂದು ಸಂಸ್ಕೃತದ ಮೂಲಕ ಕನ್ನಡಕ್ಕೆ ಬಂದಿತ್ತು. ಹಡಗು ನಡೆಸುವವನು ಕರ್ಣಧಾರ. ಕರ್ಣವೆಂದರೆ ಕಿವಿ, ಹಡಗಿನ ವಿಷಯದಲ್ಲಿ ದಿಕ್ಕು ತಿರುಗಿಸುವ ಸಾಧನ. ಈ ಹೆಸರು ಬರಿಯ ಕವಿಸಮಯವಲ್ಲವೆಂಬುದಕ್ಕೆ ಅಜಂತೆಯ 2ನೆಯ ಗುಹೆಯ ಚಿತ್ರ ಸಾಕ್ಷಿ. ಅಲ್ಲಿಯ ಮೂರು ಕೂವೆಮರಗಳ ಹಡಗಿಗೆ ಹಿಂತುದಿಯ ನಡುವೆ ಹಲಗೆಯಿಲ್ಲ. ಹಿಂಬದಿಯ ಪಕ್ಕದಲ್ಲಿ ಇಳಿಬಿದ್ದ ದೊಡ್ಡ ಹುಟ್ಟುಗಳಿವೆ. ತಲೆಗೆ ಕಿವಿ ಇರುವ ಕಡೆಯಲ್ಲಿ ಹಡಗಿಗೆ ಹುಟ್ಟು. ಕರ್ಣ ಹೋಗಿ ಸುಕ್ಕಾನ್ ಬಂದುದರ ಜೊತೆಗೇ ಸಾಧನದ ಜಾಗವೂ ಬದಲಾಯಿತು. ಪಕ್ಕದಲ್ಲಿದ್ದುದು ಹಿಂಬದಿಯ ನಡುವಿಗೆ ಬಂದಿತು. ಯುರೋಪಿನ ಹಡಗುಗಳಲ್ಲಿ ಮುಂದೆ ಅದರ ತಲೆ ಹಡಗಿನ ಒಡಲೊಳಗೇ ಹೊಕ್ಕಿತು. ಒಳಹೊಕ್ಕ ಆ ಕಂಡಿಯಿಂದ ನೀರೂ ಒಳಬಂದಿತು. ಹಾಯಿಹಡಗಿನ ಚರಿತ್ರೆ ಬರೆದವರು ಹಾಯಿ, ಫಿರಂಗಿ, ಸಾಂಬಾರ ಸರಕುಗಳ ಬಗ್ಗೆ ಬರೆದಷ್ಟು ಈ ಕಂಡಿಯ ಬಗ್ಗೆ ಬರೆದಿಲ್ಲ. ಅಮರಕೋಶದ ವಾರಿವರ್ಗ ಈ ವಿಷಯದಲ್ಲಿ ಹೆಚ್ಚು ವಾಸ್ತವವಾದಿ. ಹಡಗು ತಿರುಗಿಸುವ ಅರಿತ್ರವನ್ನು ಹೇಳಿ ಅದರ ಬೆನ್ನಿಗೇ ನೀರು ಮೊಗೆದು ಹೊರಚೆಲ್ಲುವ ಸೇಕಪಾತ್ರವನ್ನು ಅದು ಹೆಸರಿಸುತ್ತದೆ.

ನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಪಡುವಣ ಕಡಲಿನಲ್ಲಿ ಮೊದಲ ಉತ್ತರ ತೆಂಗಿನ ನಾರಿಗೆ ಸಂಬಂಧಿಸಿದುದು. ಅದರ ಒಂದು ಎಳೆ ಇಂದಿನ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿದೆ. 16ನೆಯ ಶತಮಾನದ ಎರಡನೆಯ ದಶಕದಲ್ಲಿ ತನ್ನ ಗ್ರಂಥ ಬರೆದ ಪೋರ್ಚುಗೀಸ್ ದುವಾರ್ತೆ ಬಾರ್ಬೊಸ ಕುಂಬಳೆಯಲ್ಲಿ ಕೀಳು ದರ್ಜೆಯ ಕಪ್ಪು ಅಕ್ಕಿ ಹೇರಳವಾಗಿ ಬೆಳೆಯುತ್ತದೆಂದು ಹೇಳುತ್ತಾನೆ. ಮಲಬಾರಿನವರು ಅದನ್ನು ಅಗ್ಗಕ್ಕೆ ಕೊಂಡು ತಮ್ಮ ದೋಣಿಗಳಲ್ಲಿ ಸಾಗಿಸುತ್ತಾರೆ. ಅದರ ಬಹುಭಾಗ ಮಾಲ್ಡೀವ್ಸ್ ದ್ವೀಪಗಳ ಬಡಜನರಿಗೆ ಹೋಗುತ್ತದೆ. ಪ್ರತಿಯಾಗಿ ಬರುವುದು ಕಯರು, ಕನ್ನಡ ಬಯಲುನಾಡಿನವರು ಕತ್ತವೆಂದು ಕರೆಯುವ ತೆಂಗಿನ ನಾರಿನ ಹುರಿ. ಕುಂಬಳೆ ಸೀಮೆಯನ್ನು ಯಕ್ಷಗಾನದ ಪಾರ್ತಿಸುಬ್ಬನ ನೆಲವೆಂದು ಬಲ್ಲ ವಿದ್ವಾಂಸರಿಗೂ ಅಲ್ಲಿಯ ಕಪ್ಪಕ್ಕಿಗೂ ಹಿಂದೂ ಮಹಾಸಾಗರದ ಹಡಗುಗಳ ಹೊಲಿಗೆಗೂ ಇದ್ದ ಈ ನಂಟು ಅಷ್ಟಾಗಿ ಪರಿಚಿತವಲ್ಲ. ಬಾರ್ಬೊಸನಿಗಿಂತ ಸುಮಾರು 170 ವರ್ಷ ಮೊದಲು ಮಾಲ್ಡೀವ್ಸ್‌ನಲ್ಲಿ ಬಾಳಿದ್ದ ಇಬ್ನ್ ಬತೂತ ಆ ಹುರಿಯ ಉಪಯೋಗವನ್ನು ಬಿಡಿಸಿ ಹೇಳಿದ್ದಾನೆ. ಭಾರತ ಮತ್ತು ಯೆಮನ್‌ಗಳ ಹಡಗುಗಳನ್ನು ಅದರಿಂದ ಹೊಲಿಯುತ್ತಾರೆ. ಈ ಕಡಲಿನಲ್ಲಿ ಬಂಡೆಗಳು ಹೆಚ್ಚು. ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹುರಿಯಿಂದ ಹೊಲಿದುದು ಬಾಗಿ ಉಳಿಯುತ್ತದೆ ಎಂಬುದು ಅವನ ವಿವರಣೆ.

ಹೊಲಿಗೆಯ ಹಡಗಿನಲ್ಲಿ ಹಲಗೆಯ ಅಂಚನ್ನು ಹಲಗೆಯ ಅಂಚಿಗೆ ಕೂಡಿಸಿ, ಎರಡರಲ್ಲೂ ಸಾಲಾಗಿ ತೂತು ಕೊರೆದು, ಸಂದಿಯ ಮೇಲೆ ನಾರಿನ ಮೆತ್ತೆಯಿಟ್ಟು ಹುರಿಯಿಂದ ಬಿಗಿಯಲಾಗುತ್ತಿತ್ತು. ಆಮೇಲೆ ತೂತುಗಳಿಗೆ ನಾರನ್ನು ತುರುಕಿ ರಾಳವನ್ನೋ ಎಣ್ಣೆಯನ್ನೋ ಬಳಿಯುತ್ತಿದ್ದರು. 1183ರಲ್ಲಿ ಕೆಂಪು ಸಮುದ್ರದ ಐಧಾಬ್ ಬಂದರಿನಿಂದ ಜಿದ್ದಾಕ್ಕೆ ದಾಟಿದ ಆಂಡಲೂಸಿಯದ ಯಾತ್ರಿಕ ಇಬ್ನ್ ಜುಬೈರ್ ಅಲ್ಲಿನ ಜಲಬಗಳಲ್ಲಿ ಒಂದೂ ಮೊಳೆಯಿಲ್ಲದಿದ್ದುದನ್ನು ಕಂಡು ಬೆರಗಾದ. ಸಂದಿಗೆ ಖರ್ಜೂರದ ಮರದ ಸಿಪ್ಪೆ, ಮೇಲೆ ಹರಳೆಣ್ಣೆ ಅಥವಾ ಶಾರ್ಕ್ ಮೀನಿನ ಎಣ್ಣೆ. ಅದರಲ್ಲಿಯೂ ಮೀನಿನ ಎಣ್ಣೆಯೇ ಮೇಲೆಂದು ಅವನು ಬರೆಯುತ್ತಾನೆ. ಎಣ್ಣೆಯ ಉದ್ದೇಶ ನೀರನ್ನು ತಡೆಯುವುದಷ್ಟೇ ಅಲ್ಲ, ಬಂಡೆಗಳ ನಡುವೆ ಬಾಗುವಂತೆ ಮರವನ್ನು ಮೆದುವಾಗಿಡುವುದೂ ಆಗಿತ್ತು. ಮರವೂ ನಾರೂ ಭಾರತ ಮತ್ತು ಯೆಮನ್‌ನಿಂದ ಬರುತ್ತಿದ್ದವೆಂದು ಅವನು ಸೇರಿಸುತ್ತಾನೆ.

ಯುರೋಪಿನಿಂದ ಬಂದವರಿಗೆ ಇದು ಹಿಡಿಸಲಿಲ್ಲ. ಹೋರ್ಮುಜಿನ ಹಡಗುಗಳನ್ನು ಕಂಡ ಮಾರ್ಕೊ ಪೋಲೊ ಅವು ತೀರ ಕೆಟ್ಟವೆಂದೂ ಬಹಳಷ್ಟು ಮುಳುಗಿಹೋಗುತ್ತವೆಂದೂ ಬರೆದ. ಒಂದೇ ಕೂವೆಮರ, ಒಂದೇ ಹಾಯಿ, ಒಂದೇ ಚುಕ್ಕಾಣಿ. ಅಟ್ಟವಿಲ್ಲ, ಸರಕಿನ ಮೇಲೆ ತೊಗಲು ಹೊದಿಸುವುದಷ್ಟೆ. ಅದೇ ದಶಕದಲ್ಲಿ ಭಾರತದಲ್ಲಿದ್ದ ಪಾದ್ರಿ ಮೊಂತೆಕೊರ್ವಿನೊದ ಜಾನ್ ಇನ್ನಷ್ಟು ಕಟುವಾಗಿ ನುಡಿಯುತ್ತಾನೆ. ಬಟ್ಟೆಯಂತೆ ಹೊಲಿದ ಹಡಗುಗಳು, ಒಂದು ಕಡೆ ಹುರಿ ಹರಿದರೆ ಅಲ್ಲಿಯೇ ಬಿರುಕು, ವರುಷಕ್ಕೊಮ್ಮೆ ಹೊಲಿಗೆಯ ದುರಸ್ತಿ ಆಗಲೇಬೇಕು. ಆದರೆ ಅವನ ದೂರಿನಲ್ಲಿಯೇ ಬೆಲೆಬಾಳುವ ಸಾಕ್ಷ್ಯವೊಂದು ಅಡಗಿದೆ. ಹಡಗಿನ ಹಿಂಬದಿಯ ನಟ್ಟನಡುವೆ ಮೇಜಿನ ಹಲಗೆಯಂಥ, ಒಂದು ಮೊಳ ಅಗಲದ ದುರ್ಬಲ ಚುಕ್ಕಾಣಿಯಿರುತ್ತದೆ ಎಂದು ಅವನು ಹೇಳುತ್ತಾನೆ. ಅಂದರೆ 13ನೆಯ ಶತಮಾನದ ಕೊನೆಯ ಹೊತ್ತಿಗೆ ಭಾರತದ ಕಡಲಿನಲ್ಲಿ ಕಿವಿಯ ಹುಟ್ಟು ಹಿಮ್ಮಡಿಯ ಹಲಗೆಗೆ ಎಡೆಗೊಟ್ಟಾಗಿತ್ತು.

ಮೊಳೆ ಬಳಸದಿದ್ದುದಕ್ಕೆ ಕಾರಣ ಹೇಳುವ ಉತ್ಸಾಹದಲ್ಲಿ ಹುಟ್ಟಿದ ಕಥೆಯೊಂದು ಸಾವಿರ ವರ್ಷ ಬಾಳಿತು. ಕಡಲ ತಳದಲ್ಲಿ ಸೂಜಿಗಲ್ಲಿನ ಬಂಡೆಗಳಿವೆ, ಕಬ್ಬಿಣವಿರುವ ಹಡಗನ್ನು ಅವು ಸೆಳೆದು ಮುಳುಗಿಸುತ್ತವೆ ಎಂಬ ಮಾತನ್ನು 6ನೆಯ ಶತಮಾನದ ಪ್ರೊಕೋಪಿಯಸ್ ಅಲ್ಲಗಳೆದಿದ್ದ. ಕೆಂಪು ಸಮುದ್ರದಲ್ಲಿ ಕಬ್ಬಿಣ ಬಳಸಿದ ರೋಮನ್ ಹಡಗುಗಳಿಗೆ ಏನೂ ಆಗಿಲ್ಲವೆಂಬುದು ಅವನ ವಾದ. ಐದು ಶತಮಾನಗಳ ಅನಂತರ ಭೋಜರಾಜನ ಹೆಸರಿನಲ್ಲಿರುವ ಯುಕ್ತಿಕಲ್ಪತರು ಅದೇ ಭಯವನ್ನು ಶಾಸ್ತ್ರವಾಗಿ ವಿಧಿಸಿತು. 1912ರಲ್ಲಿ ರಾಧಾಕುಮುದ ಮುಖರ್ಜಿಯವರು ಭಾರತೀಯ ನೌಕಾಯಾನದ ಕುರಿತ ತಮ್ಮ ಕೃತಿಯಲ್ಲಿ ಈ ಗ್ರಂಥವನ್ನು ಮುನ್ನೆಲೆಗೆ ತಂದಾಗ ರಾಷ್ಟ್ರೀಯತೆಯ ಉತ್ಸಾಹಕ್ಕೆ ಅದು ಒದಗಿಬಂತು. ಆದರೆ ಹೊಲಿಗೆಯನ್ನು ಹೀಗಳೆದ ಪಾದ್ರಿಗೂ ಅದನ್ನು ಹೊಗಳಿದ ಇತಿಹಾಸಕಾರನಿಗೂ ಒಂದೇ ಕುರುಡು. ಹಲಗೆಯ ಸಂದಿಯನ್ನು ನೋಡಿದವರು ಚುಕ್ಕಾಣಿ ಹಡಗನ್ನು ಎಲ್ಲಿ ಮುಟ್ಟುತ್ತದೆಂದು ನೋಡಲಿಲ್ಲ.

ಅದನ್ನು ನೋಡಿದವನು 10ನೆಯ ಶತಮಾನದ ಭೂಗೋಳಜ್ಞ ಅಲ್ ಮುಕದ್ದಸಿ. ಕೆಂಪು ಸಮುದ್ರದ ಹಡಗಿನಲ್ಲಿ ನಾಯಕ ಎತ್ತರದಲ್ಲಿ ನಿಂತು ನೀರನ್ನು ದಿಟ್ಟಿಸುತ್ತಾನೆ. ಬಂಡೆ ಕಂಡೊಡನೆ ಎಡಕ್ಕೋ ಬಲಕ್ಕೋ ಎಂದು ಕೂಗುತ್ತಾನೆ. ಇಬ್ಬರು ಹುಡುಗರು ಆ ಕೂಗನ್ನು ಮರುನುಡಿಯುತ್ತಾರೆ. ಚುಕ್ಕಾಣಿಯವನ ಕೈಯಲ್ಲಿರುವುದು ಎರಡು ಹಗ್ಗ, ಕೂಗು ಕೇಳಿದತ್ತ ಎಳೆಯುವುದು ಅವನ ಕೆಲಸ. 1237ರಲ್ಲಿ ಅಲ್ ವಾಸಿತಿ ಚಿತ್ರಿಸಿದ ಅಲ್ ಹರೀರಿಯ ಮಕಾಮಾತ್ ಹಸ್ತಪ್ರತಿಯ ಹಡಗಿನಲ್ಲಿ ಹಿಂಗಂಬಕ್ಕೆ ತೂಗುಬಿದ್ದ ಚುಕ್ಕಾಣಿ ಸ್ಪಷ್ಟವಾಗಿ ಕಾಣುತ್ತದೆ. ಓಮಾನಿನ ಬದನ್, ಬತ್ತೀಲ್ ಎಂಬ ಹಡಗುಗಳಲ್ಲಿ ಹಗ್ಗದಿಂದ ತಿರುಗಿಸುವ ಚುಕ್ಕಾಣಿ 20ನೆಯ ಶತಮಾನದವರೆಗೂ ಉಳಿದಿತ್ತು. ಈ ಏರ್ಪಾಟಿನಲ್ಲಿ ಹಲಗೆ ಹೊರಗಿದೆ, ಅದನ್ನು ಹಿಂಗಂಬಕ್ಕೆ ಬಿಗಿದ ಕಟ್ಟು ಹೊರಗಿದೆ, ತಿರುಗಿಸುವ ಹಗ್ಗ ಅಂಚಿನ ಮೇಲಿಂದ ಒಳಬರುತ್ತದೆ. ಹೊಲಿಗೆಗಾಗಿ ಸಾವಿರಾರು ತೂತುಗಳಿದ್ದ ಹಡಗಿನಲ್ಲಿ ಚುಕ್ಕಾಣಿಗಾಗಿ ಕೊರೆದ ತೂತು ಒಂದೂ ಇರಲಿಲ್ಲ.

ಹಾಗೆಂದು ಆ ಹಡಗು ಒಣಗಿರುತ್ತಿತ್ತೆಂದಲ್ಲ. ನೀರು ಎಲ್ಲೆಡೆಯಿಂದ ತುಸುತುಸುವಾಗಿ ಜಿನುಗುತ್ತಿತ್ತು, ಆಳುಗಳು ಅದನ್ನು ಹಗಲಿರುಳು ಮೊಗೆದು ಚೆಲ್ಲಬೇಕಿತ್ತು. ಮೊಗೆಯುವ ಕೈ ನಿಂತರೆ ಹಡಗೂ ನಿಲ್ಲುತ್ತಿತ್ತು. ವರ್ತಕರ, ಸುಲ್ತಾನರ, ಯಾತ್ರಿಕರ ಹೆಸರುಗಳು ಉಳಿದಿವೆ. ಮೊಗೆದವರ ಹೆಸರು ಯಾವ ಪ್ರವಾಸಕಥನದಲ್ಲೂ ಇಲ್ಲ. ಆದರೆ ಅಪಾಯದ ಹಂಚಿಕೆಯನ್ನು ಗಮನಿಸಬೇಕು. ಜಿನುಗುವ ನೀರು ಎದುರಿಗೇ ಕಾಣುವ ನೀರು, ದಿನವೂ ಎಚ್ಚರಿಸುವ ನೀರು. ಅಟ್ಟವಿಲ್ಲದ ಒಡಲಿನಲ್ಲಿ ಅದು ಮರೆಯಾಗಲು ಕೋಣೆಯೇ ಇರಲಿಲ್ಲ.

ಕಾಸರಗೋಡಿನ ತೆಂಕಣ ಗಡಿಗೆ ಸನಿಹದಲ್ಲಿ, ಇಂದು ನೌಕಾ ಅಕಾಡೆಮಿಯಿರುವ ಏಳಿಮಲೆಯ ಬಂದರಿಗೆ ಅದೇ ಕಾಲದಲ್ಲಿ ಬೇರೊಂದು ಬಗೆಯ ಹಡಗು ಬರುತ್ತಿತ್ತು. ಹೊನ್ನಾವರ, ಮಂಗಳೂರುಗಳ ಮೂಲಕ 1342ರ ಸುಮಾರಿಗೆ ತೆಂಕಣಕ್ಕೆ ಸಾಗಿದ ಇಬ್ನ್ ಬತೂತ, ಚೀನದ ಹಡಗುಗಳು ತಲಪುವ ಕಟ್ಟಕಡೆಯ ಊರು ಹೀಲಿ, ಎಂದರೆ ಏಳಿಮಲೆ ಎಂದು ಬರೆದಿದ್ದಾನೆ. ಅದು ಬಿಟ್ಟರೆ ಅವು ಕಲ್ಲಿಕೋಟೆಗೂ ಕೊಲ್ಲಮ್ಮಿಗೂ ಮಾತ್ರ ಬರುತ್ತಿದ್ದವು. ಆ ಹಡಗುಗಳ ಒಡಲನ್ನು ಅಡ್ಡಗೋಡೆಗಳಿಂದ ಕೋಣೆಗಳಾಗಿ ವಿಭಾಗಿಸಿರುತ್ತಿದ್ದರು. ಮಾರ್ಕೊ ಪೋಲೊ ಹದಿಮೂರು ಕೋಣೆಗಳ ಲೆಕ್ಕ ಕೊಡುತ್ತಾನೆ. 1974ರಲ್ಲಿ ಚೀನದ ಚ್ವಾನ್‌ಜೌ ಬಳಿ ಉತ್ಖನನ ಮಾಡಿ ಹೊರತೆಗೆದ, 13ನೆಯ ಶತಮಾನದಲ್ಲಿ ಮುಳುಗಿದ ಹಡಗಿನಲ್ಲಿ 12 ಅಡ್ಡಗೋಡೆಗಳೂ 13 ಕೋಣೆಗಳೂ ದೊರೆತುದರಿಂದ ಅವನ ಮಾತಿಗೆ ಸಮರ್ಥನೆ ಸಿಕ್ಕಿತು. ಸಂದಿಗಳಿಗೆ ಸುಣ್ಣ, ಸೆಣಬಿನಂಥ ನಾರು ಮತ್ತು ತುಂಗ್ ಎಣ್ಣೆಯ ಗಾರೆ. ಒಂದು ಕೋಣೆಗೆ ನೀರು ನುಗ್ಗಿದರೆ ಸರಕನ್ನು ಪಕ್ಕದ ಕೋಣೆಗೆ ಸಾಗಿಸಿ ತೂತು ಮುಚ್ಚುವವರೆಗೆ ಹಡಗು ತೇಲುತ್ತಿತ್ತು.

ಚೀನದವರ ಚುಕ್ಕಾಣಿ ಇನ್ನೂ ಹಳೆಯದು. 1955ರಲ್ಲಿ ಗ್ವಾಂಗ್‌ಜೌನ ಗೋರಿಯೊಂದರಲ್ಲಿ ಸಿಕ್ಕ ಕ್ರಿಸ್ತಶಕ 1ನೆಯ ಶತಮಾನದ ಮಣ್ಣಿನ ದೋಣಿಯಲ್ಲಿ ಹಿಂಬದಿಯ ಚುಕ್ಕಾಣಿಯಿದೆ. ಮುಂದಿನ ದೊಡ್ಡ ಹಡಗುಗಳಲ್ಲಿ ಅದನ್ನು ಹಗ್ಗದಿಂದ ಎತ್ತಿ ಇಳಿಸುತ್ತಿದ್ದರು. ಹಿಂಬದಿಯಲ್ಲಿ ಅದಕ್ಕೆಂದೇ ಬಾವಿಯಂತೆ ತೆರೆದ ಜಾಗವಿರುತ್ತಿತ್ತು. ಅದರೊಳಗೆ ಕಡಲು ಸ್ವೇಚ್ಛೆಯಾಗಿ ಏರಿ ಇಳಿಯುತ್ತಿತ್ತು. ಕೆಲವು ದೋಣಿಗಳಲ್ಲಿ ತುದಿಯ ಕೋಣೆಗೆ ಬೇಕೆಂದೇ ತೂತಿಟ್ಟು ನೀರು ಬಿಡುವ ಪದ್ಧತಿಯೂ ಇತ್ತು. ನೀರನ್ನು ಹೊರಗಿಡುವ ಹಟ ಇಲ್ಲಿಲ್ಲ, ಬಂದ ನೀರಿಗೆ ಎಲ್ಲೆ ಕಟ್ಟುವ ಜಾಣತನವಿದೆ. ಬೆಂಜಮಿನ್ ಫ್ರಾಂಕ್ಲಿನ್ 1785ರಲ್ಲಿ ಅಟ್ಲಾಂಟಿಕ್ ದಾಟುತ್ತ ಬರೆದ ಪತ್ರವೊಂದರಲ್ಲಿ ಚೀನದ ಈ ಪದ್ಧತಿಯನ್ನು ಅನುಸರಿಸಬಾರದೇಕೆಂದು ಕೇಳಿದ. ಹತ್ತು ವರ್ಷಗಳ ಬಳಿಕ ಸ್ಯಾಮ್ಯುಯೆಲ್ ಬೆಂಥಮ್ ಬ್ರಿಟಿಷ್ ನೌಕಾಪಡೆಗೆ ಅಂಥ ಅಡ್ಡಗೋಡೆಗಳ ಹಡಗುಗಳನ್ನು ಕಟ್ಟಿಸಿದ. ಏಳಿಮಲೆಯ ಜನ ನಾಲ್ಕು ಶತಮಾನಗಳ ಹಿಂದೆಯೇ ಕಂಡಿದ್ದ ವಸ್ತು ಇದು.

ಯುರೋಪಿನ ಹಾದಿ ಬೇರೆ. ಸುಮಾರು 1180ರ ವಿಂಚೆಸ್ಟರ್ ಕತೀಡ್ರಲಿನ ಕಲ್ಲಿನ ದೀಕ್ಷಾಪಾತ್ರೆಯ ಕೆತ್ತನೆಯಲ್ಲಿಯೂ 1242ರ ಎಲ್ಬಿಂಗ್ ಪಟ್ಟಣದ ಮುದ್ರೆಯಲ್ಲಿಯೂ ಹಿಂಗಂಬದ ಚುಕ್ಕಾಣಿ ಕಾಣುತ್ತದೆ. ಅಲ್ಲಿ ಹಗ್ಗದ ಕಟ್ಟಿಲ್ಲ. ಬಾಗಿಲು ತಿರುಗುವಂತೆ ಕಬ್ಬಿಣದ ಕೀಲಿನ ಮೇಲೆ ಹಲಗೆ ತಿರುಗುತ್ತದೆ. ಹಡಗಿನ ಹಿಂಬದಿ ಎತ್ತರವಾಗುತ್ತ ಹೋದಂತೆ ಚುಕ್ಕಾಣಿಯ ಹಿಡಿಯನ್ನು ಮೇಲಿನಿಂದ ತರುವುದು ಆಗದಾಯಿತು. ಹಿಂಬದಿಯ ಗೋಡೆಯಲ್ಲಿಯೇ ಕಂಡಿ ತೆರೆದು ಅದನ್ನು ಒಳಗೆ ತೂರಿಸಿದರು. ಚುಕ್ಕಾಣಿ ಹಿಡಿದವನಿಗೆ ಮಳೆ, ಗಾಳಿ, ಅಲೆಯ ಹೊಡೆತದಿಂದ ಬಿಡುಗಡೆ ದೊರೆಯಿತು. ಹಿಡಿಗೆ ಹೆಚ್ಚು ಉದ್ದ ಸಿಕ್ಕಿ ಬಲ ಬಂತು. ಯುದ್ಧದ ಹಡಗಿನಲ್ಲಿ ಗುಂಡೇಟಿನಿಂದ ರಕ್ಷಣೆಯೂ ಒದಗಿತು. 18ನೆಯ ಶತಮಾನದ ಆರಂಭದಲ್ಲಿ ಚಕ್ರ ಬಂದಾಗ ಮನುಷ್ಯ ಮೇಲೆ, ಹಿಡಿ ಕೆಳಗೆ, ನಡುವೆ ಹಗ್ಗ ಎಂದಾಯಿತು. ಹಿಡಿ ಅತ್ತಿತ್ತ ಬೀಸುವ ಆ ಕೆಳಕೋಣೆಯೇ ಇಂದಿನ ಹಾಯಿದೋಣಿಯ ಚುಕ್ಕಾಣಿ ಕೋಣೆಯ ಪೂರ್ವಜ.

ತೊಡಕಿದ್ದುದು ಕಂಡಿಯ ಅಳತೆಯಲ್ಲಿ. ಚುಕ್ಕಾಣಿಯ ದಿಮ್ಮಿ ಚೌಕಾಕಾರದ್ದು, ಆದರೆ ಅದು ತಿರುಗುವ ಕೀಲು ದಿಮ್ಮಿಯ ನಡುವಿನಲ್ಲಿಲ್ಲ, ಮುಂದಣ ಅಂಚಿನಲ್ಲಿದೆ. ಹಾಗಾಗಿ ತಿರುಗಿದಾಗ ದಿಮ್ಮಿಯ ತಲೆ ನಿಂತಲ್ಲಿ ನಿಲ್ಲದೆ ಕಮಾನಿನಂತೆ ಬೀಸುತ್ತದೆ. ಆ ಬೀಸಿಗೆ ಎಡೆಕೊಡಲು ಕಂಡಿ ದಿಮ್ಮಿಗಿಂತ ಬಹಳ ಅಗಲವಾಗಿರಬೇಕು. ಹಿಂದಿನಿಂದ ಬರುವ ಅಲೆಗೆ ಅದು ತೆರೆದ ಬಾಗಿಲು. ಯುರೋಪಿನ ಬಡಗಿಗಳು ಕಂಡುಕೊಂಡ ಉಪಾಯ ತೀರ ಸರಳವಾದುದು: ಡಾಂಬರು ಬಳಿದ ದಪ್ಪ ಹಾಯಿಬಟ್ಟೆಯನ್ನು ಚೀಲದಂತೆ ಸಡಿಲವಾಗಿ ಕತ್ತರಿಸಿ ಒಂದಂಚನ್ನು ಕಂಡಿಯ ಸುತ್ತಲೂ ಇನ್ನೊಂದನ್ನು ದಿಮ್ಮಿಯ ಸುತ್ತಲೂ ಮೊಳೆ ಹೊಡೆದು ಕೂಡಿಸುವುದು. ನಾವಿಕರು ಅದನ್ನು ಚುಕ್ಕಾಣಿಯ ಅಂಗಿ ಎನ್ನುತ್ತಿದ್ದರು. ನೂರು ಫಿರಂಗಿಗಳ ಹಡಗಿಗೂ ಕಡಲಿಗೂ ಆ ಸ್ಥಳದಲ್ಲಿ ನಡುವಣ ತಡೆ ಒಂದು ಪದರ ಬಟ್ಟೆ ಮಾತ್ರ. ಹೊಲಿಗೆಯ ಹಡಗನ್ನು ಕಂಡು ನಕ್ಕವರ ಹಡಗಿನ ಹಿಂಬದಿಯಲ್ಲಿ ಹೀಗೊಂದು ಬಟ್ಟೆ ನೇತಾಡುತ್ತಿತ್ತು.

ಆ ಬಗೆಯ ಹಡಗು ಕನ್ನಡ ಕರಾವಳಿಯಲ್ಲಿ ದುರಸ್ತಿಗೆ ನಿಂತ ಮೊದಲ ಸಂದರ್ಭ 1498ರದು. ಕಲ್ಲಿಕೋಟೆಯಿಂದ ಮರಳುತ್ತಿದ್ದ ವಾಸ್ಕೊ ಡ ಗಾಮ ಸೆಪ್ಟೆಂಬರ್ ಕೊನೆಯಲ್ಲಿ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ತಂಗಿ ಹಡಗುಗಳನ್ನು ವಾಲಿಸಿ ತಳವನ್ನು ಉಜ್ಜಿಸಿದ. ಇಂದು ದ್ವೀಪ ಗೋವೆಗೆ ಸೇರಿದೆ, ಕಣ್ಣೆದುರಿನ ದಡ ಕರ್ನಾಟಕದ್ದು. ಹಡಗಿನ ತಳವನ್ನು ಗಾಳಿಗೆ ತರುವುದು ಪೋರ್ಚುಗೀಸರಿಗೆ ಐಚ್ಛಿಕವಾಗಿರಲಿಲ್ಲ. ಬೆಚ್ಚನೆಯ ಈ ನೀರಿನಲ್ಲಿ ಮರ ಕೊರೆಯುವ ಹುಳು ತಿಂಗಳುಗಳಲ್ಲೇ ಹಲಗೆಯನ್ನು ಜೇನುಗೂಡಾಗಿಸುತ್ತದೆ. ಮೊಳೆಯಿದ್ದರೂ ಹೊಲಿಗೆಯಿದ್ದರೂ ವರುಷದ ದುರಸ್ತಿ ಯಾರಿಗೂ ತಪ್ಪಿದ್ದಲ್ಲ. ಮೊಂತೆಕೊರ್ವಿನೊದ ಪಾದ್ರಿ ಅದನ್ನು ಒಂದು ಪಕ್ಷದ ಲೆಕ್ಕಕ್ಕೆ ಮಾತ್ರ ಬರೆದುಕೊಂಡಿದ್ದ.

ಹಿಂಬದಿಯ ಕಂಡಿ ಒಮ್ಮೆಲೇ ಬಾಯ್ದೆರೆದರೆ ಏನಾಗುತ್ತದೆಂಬುದಕ್ಕೆ 1789ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ನೌಕೆ ಗಾರ್ಡಿಯನ್‌ಗೆ ಒದಗಿದ ಗತಿ ನಿದರ್ಶನ. ತೆಂಕಣ ಸಾಗರದಲ್ಲಿ ಹಿಮಗಡ್ಡೆಗೆ ಹಿಂಬದಿ ತಾಗಿ ಚುಕ್ಕಾಣಿ ಕಿತ್ತುಹೋಯಿತು, ಹಿಡಿ ಮುರಿಯಿತು, ನೀರು ನುಗ್ಗಿತು. ಕಪ್ತಾನ ರಿಯೂ ನಾರು ಹೊಲಿದ ಹಾಯಿಯನ್ನು ತಳದಡಿಗೆ ಎಳೆಸಿ, ಬಿರುಕಿಗೆ ನೀರೇ ಅದನ್ನು ಒತ್ತಿಹಿಡಿಯುವಂತೆ ಮಾಡಿದ. ಉಳಿದವರು ವಾರಗಟ್ಟಲೆ ನೀರೆತ್ತುತ್ತ ಫೆಬ್ರವರಿಯಲ್ಲಿ ಗುಡ್ ಹೋಪ್ ಭೂಶಿರ ತಲಪಿದರು. ಇಂಥ ಅಪಾಯದ ಮೂಲವನ್ನು ಬಟ್ಟೆಯಲ್ಲಲ್ಲ, ದಿಮ್ಮಿಯ ಆಕಾರದಲ್ಲಿ ಹುಡುಕಿದವರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ಪರೀಕ್ಷಕ ಗೇಬ್ರಿಯಲ್ ಸ್ನಾಡ್‌ಗ್ರಾಸ್ ಒಬ್ಬ. ಕಂಪನಿಯ ಹಡಗುಗಳಲ್ಲಿ ತಾನು ತಂದ ಸುಧಾರಣೆಗಳನ್ನು ನೌಕಾಪಡೆಯೂ ಅಳವಡಿಸಿಕೊಳ್ಳಲೆಂದು 1796ರಲ್ಲಿ ಅವನು ಮಂತ್ರಿ ಹೆನ್ರಿ ಡಂಡಾಸ್‌ಗೆ ಬರೆದ. ಅವುಗಳಲ್ಲಿ ಗುಂಡುತಲೆಯ ಚುಕ್ಕಾಣಿಯೂ ಒಂದು. ದಿಮ್ಮಿಯ ಮೇಲ್ಭಾಗವನ್ನು ದುಂಡಾಗಿಸಿ, ಕೀಲಿನ ನೇರಕ್ಕೆ ಅದರ ನಡುವು ಬರುವಂತೆ ಮುಂದಕ್ಕೆ ಬಾಗಿಸಿದರೆ ತಲೆ ಬೀಸುವುದಿಲ್ಲ, ನಿಂತಲ್ಲಿಯೇ ತಿರುಗುತ್ತದೆ. ಆಗ ಕಂಡಿಯನ್ನೂ ದುಂಡಗೆ, ಬಿಗಿಯಾಗಿ ಕೊರೆಯಬಹುದು. ಅಂಗಿಯ ಹಂಗು ತಪ್ಪುತ್ತದೆ. ಮರ ಲೋಹವಾಗಿ, ಕಂಡಿ ಕೊಳವೆಯಾಗಿ ಬದಲಾದರೂ ಇಂದಿನ ಹಾಯಿದೋಣಿಯ ಚುಕ್ಕಾಣಿ ಇದೇ ತತ್ತ್ವದ ಮೇಲೆ ನಿಂತಿದೆ.

ಇತ್ತ ಸೂರತ್ ಮತ್ತು ಮುಂಬಯಿಯ ಪಾರಸಿ ಬಡಗಿಗಳು ಹಲಗೆಯ ಅಂಚಿನಲ್ಲಿ ಗಾಡಿ ತೆಗೆದು ಒಂದರೊಳಗೊಂದು ಕೂರಿಸುವ ಕಸುಬನ್ನು ಮೊಳೆಯ ಹಡಗಿಗೆ ತಂದರು. 18ನೆಯ ಶತಮಾನದ ನಡುವೆ ಸೂರತ್ತನ್ನು ಕಂಡ ಜಾನ್ ಹೆನ್ರಿ ಗ್ರೋಸ್ ಆ ಜೋಡಣೆಯನ್ನೂ ತಳಕ್ಕೆ ತಿಕ್ಕುವ ಮರದೆಣ್ಣೆಯನ್ನೂ ಮೆಚ್ಚಿ ಬರೆದಿದ್ದಾನೆ. ಓಕ್ ಮರದ ಆಮ್ಲ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ಎಣ್ಣೆಯಂಶವಿರುವ ಸಾಗುವಾನಿ ಅದನ್ನು ಕಾಯುತ್ತದೆ. ಮುಂಬಯಿಯಲ್ಲಿ ವಾಡಿಯಾ ಮನೆತನದವರು ಸಾಗುವಾನಿಯಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೊಮಲಿ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ. ಮಂಗಳೂರಿನಲ್ಲಿಯೂ ಮಿರ್ಜಾನ್, ಸದಾಶಿವಗಡಗಳ ಬಳಿಯೂ ಹಡಗುಕಟ್ಟೆಗಳನ್ನು ನಿರ್ಮಿಸುವ 1796ರ ಟಿಪ್ಪು ಸುಲ್ತಾನನ ಯೋಜನೆ 1799ರಲ್ಲಿ ಅವನೊಂದಿಗೇ ಮುಗಿಯಿತು. ಪಡುವಣ ಘಟ್ಟದ ಮರ ಬಡಗಣದ ಕಟ್ಟೆಗಳಿಗೆ ಸಾಗಿತು.

ಮುಂಬಯಿಯ ಸಾಗುವಾನಿ ಇನ್ನೊಮ್ಮೆ ಈ ಚರಿತ್ರೆಯೊಳಗೆ ಬರುವುದು 1968ರಲ್ಲಿ. ಆ ವರ್ಷದ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್‌ನಿಂದ ಹೊರಟು ಎಲ್ಲಿಯೂ ನಿಲ್ಲದೆ ಒಬ್ಬಂಟಿಯಾಗಿ ಭೂಮಿಯನ್ನು ಸುತ್ತಿ 1969ರ ಏಪ್ರಿಲ್ 22ರಂದು ಮರಳಿದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರ ಸುಹೈಲಿ ಮುಂಬಯಿಯಲ್ಲಿ ಕಟ್ಟಿದ ದೋಣಿ. ಅದರ ನಕ್ಷೆಯ ಮೂಲ ನಾರ್ವೆಯ ಕಾಲಿನ್ ಆರ್ಚರ್ ರೂಪಿಸಿದ ರಕ್ಷಣಾದೋಣಿಗಳಲ್ಲಿದೆ. ಬಿರುಗಾಳಿಯಲ್ಲಿ ಮೀನುಗಾರರನ್ನು ಉಳಿಸಲು ಹೋಗುತ್ತಿದ್ದ ಆ ದೋಣಿಗಳ ಹಿಂಬದಿ ಮುಂಬದಿಯಂತೆಯೇ ಚೂಪು. ಚುಕ್ಕಾಣಿ ಹಿಂಗಂಬದ ಮೇಲೆ ಹೊರಗೇ ತೂಗುತ್ತದೆ. ಯುರೋಪು ಒಳಗೆ ತಂದುದನ್ನು ಯುರೋಪಿನದೇ ಒಂದು ಮೂಲೆ ಹೊರಗೇ ಉಳಿಸಿಕೊಂಡಿತ್ತು. ಸುಹೈಲಿಗೆ ನೀರು ಬರಲಿಲ್ಲವೆಂದಲ್ಲ, ತಳದ ಹಲಗೆಯ ಸಂದಿ ಬಿಟ್ಟುಕೊಂಡಿತು. ನಾಕ್ಸ್-ಜಾನ್‌ಸ್ಟನ್ ನಡುಗಡಲಿನಲ್ಲಿ ಮುಳುಗು ಹಾಕಿ ಸಂದಿಗೆ ಹತ್ತಿ ತುರುಕಿ, ಮೇಲೆ ಹಾಯಿಬಟ್ಟೆಯ ಪಟ್ಟಿ, ಅದರ ಮೇಲೆ ತಾಮ್ರದ ತಗಡು ಹೊಡೆದರು. ಬಟ್ಟೆ, ನಾರು, ಮೊಳೆ: ರಿಯೂನ ಕಾಲದ ಸಾಮಗ್ರಿಯೇ. ಆದರೆ ನೀರು ಬಂದ ಜಾಗ ಹಿಂಬದಿಯಲ್ಲ.

ಇಂದಿನ ಬಹುಪಾಲು ಹಾಯಿದೋಣಿಗಳಲ್ಲಿ ಚುಕ್ಕಾಣಿಯ ದಂಡ ಹಿಂಬದಿಯ ತಳದಿಂದ ಕೊಳವೆಯೊಂದರ ಮೂಲಕ ಮೇಲೇರುತ್ತದೆ. ದಂಡಕ್ಕೂ ಕೊಳವೆಗೂ ನಡುವಣ ಸಂದಿಯನ್ನು ಕೊಬ್ಬು ಸವರಿದ ನಾರಿನ ಸುರುಳಿಯಿಂದ ಬಿಗಿಯುವುದು ಹಳೆಯ ಕ್ರಮ, ರಬ್ಬರಿನ ತುಟಿಯಿಂದ ಮುಚ್ಚುವುದು ಹೊಸದು. ಮೇಲೆ ಮುಚ್ಚಳವಿರುವ, ಕುಳಿತವರ ಕಾಲಡಿಯ ಆ ಕೋಣೆಯಲ್ಲಿಯೇ ಹಗ್ಗ, ಲಂಗರು, ಇಂಧನದ ಡಬ್ಬಿಗಳನ್ನೂ ತುಂಬುತ್ತಾರೆ. ನೀರು ಕೆಳಗೆ ರಬ್ಬರು ಸವೆದ ಕಡೆಯಿಂದ ಬರಬಹುದು, ಮೇಲೆ ಮುಚ್ಚಳದ ಅಂಚಿನಿಂದಲೂ ಬರಬಹುದು. ಅಪಾಯ ನೀರಿನ ಪ್ರಮಾಣದಲ್ಲಿರುವುದಕ್ಕಿಂತ ಅದು ನಿಂತ ಜಾಗದಲ್ಲಿದೆ. ದೋಣಿಯ ನಡುವೆ ನಿಂತ ಮುನ್ನೂರು ಲೀಟರ್ ನೀರು ದೋಣಿಯನ್ನು ತುಸು ತಗ್ಗಿಸುತ್ತದೆ. ತುದಿಯಲ್ಲಿ ನಿಂತ ಅಷ್ಟೇ ನೀರು ಸನ್ನೆಗೋಲಿನ ತುದಿಗೆ ತೂಗಿದ ಮುನ್ನೂರು ಕಿಲೋ ಭಾರವಾಗಿ ಹಿಂಬದಿಯನ್ನು ಕುಸಿಸುತ್ತದೆ. ಆವರೆಗೆ ನೀರಿನ ಮಟ್ಟದ ಮೇಲಿದ್ದ ಕೊಳವೆಯ ಬಾಯಿ ಆಗ ಮಟ್ಟದ ಕೆಳಗಾಗುತ್ತದೆ. ನೀರು ನೀರನ್ನು ಕರೆಯುತ್ತದೆ. ಕೋಣೆಗೂ ದೋಣಿಯ ಉಳಿದ ಒಡಲಿಗೂ ನಡುವಣ ಗೋಡೆಯಲ್ಲಿ ಸಣ್ಣ ತೂತಿಟ್ಟು ನೀರನ್ನು ನಡುವಣ ಪಂಪಿನತ್ತ ಹರಿಯಬಿಡಬೇಕೇ, ಗೋಡೆಯನ್ನು ಪೂರ್ತಿ ಮುಚ್ಚಿ ನೀರನ್ನು ಅಲ್ಲಿಯೇ ಕಟ್ಟಿಹಾಕಬೇಕೇ ಎಂಬ ಚರ್ಚೆ ದೋಣಿ ಕಟ್ಟುವವರಲ್ಲಿ ಇನ್ನೂ ನಡೆಯುತ್ತಿದೆ. ಚ್ವಾನ್‌ಜೌನ ಹಡಗಿನ ಅಡ್ಡಗೋಡೆಗಳ ಬುಡದಲ್ಲಿ ಅಂಥ ಸಣ್ಣ ತೂತುಗಳು ಇದ್ದವು.

ಸುಹೈಲಿಯ ಯಾನದ ನೆನಪಿಗಾಗಿ ಹಳೆಯ ಮಾದರಿಯ ದೋಣಿಗಳಲ್ಲಿ ನಡೆಯುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ 2022ರ ನವೆಂಬರ್ 18ರಂದು ಫಿನ್ಲೆಂಡಿನ ತಾಪಿಯೊ ಲೆಹ್ತಿನೆನ್ ಅವರ ಅಸ್ತೇರಿಯಾ ದಕ್ಷಿಣ ಆಫ್ರಿಕದ ಆಗ್ನೇಯದಲ್ಲಿ ಮುಳುಗಿತು. ಎಚ್ಚರಗೊಂಡಾಗ ಹಿಂಬದಿಯಿಂದ ನೀರು ಏರುತ್ತಿತ್ತು. ಕೆಲವೇ ನಿಮಿಷಗಳಲ್ಲಿ ದೋಣಿ ತುಂಬಿತು. ತೆಪ್ಪದಲ್ಲಿದ್ದ ಅವರನ್ನು ಮರುದಿನ ಸಹಸ್ಪರ್ಧಿ ಕರ್ಸ್ಟನ್ ನಾಯ್‌ಶೇಫರ್ ತಮ್ಮ ದೋಣಿ ತಿರುಗಿಸಿ ಬಂದು ಕಾಪಾಡಿದರು. ಮುಂದೆ ಅವರೇ ಗೆದ್ದ ಆ ಸ್ಪರ್ಧೆಯಲ್ಲಿ ಎರಡನೆಯವರಾದವರು ಭಾರತದ ಅಭಿಲಾಷ್ ಟೋಮಿ.

ಕಾಸರಗೋಡು ತಾಲೂಕು 1956ರ ನವೆಂಬರ್ 1ರವರೆಗೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆ ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ಭಾರತದ ದೋಣಿಗಳ ಆಕಾರ, ಮೂಲಗಳನ್ನು ಕುರಿತು 1920ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಆಕರವಾಗಿದೆ. ಅವನ ಆಸಕ್ತಿ ಯಾವ ಜನಾಂಗದಿಂದ ಯಾವ ದೋಣಿ ಬಂತೆಂಬುದರಲ್ಲಿತ್ತು. ದೋಣಿ ಕಟ್ಟುವವರ ಮಾತಿನಲ್ಲಿ ಯಾವ ಹಲಗೆಗೆ, ಯಾವ ಸಂದಿಗೆ ಏನು ಹೆಸರೆಂಬುದು ಅದರ ಮುಖ್ಯ ವಿಷಯವಲ್ಲ. ಸಪ್ತಭಾಷೆಗಳ ನೆಲವೆನಿಸಿದ ಕಾಸರಗೋಡಿನ ಕಡಲ ತಡಿಯಲ್ಲಿ ಆ ಹೆಸರುಗಳು ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿಗಳ ನಡುವೆ ಹೇಗೆ ಓಡಾಡಿದವೆಂಬುದು ಕೇಳಿ ಬರೆದುಕೊಳ್ಳಬೇಕಾದ ವಿಷಯ. ಕೇಳುವ ಕಾಲ ಕಿರಿದಾಗುತ್ತಿದೆ. ಮರದ ದೋಣಿಯ ಜಾಗಕ್ಕೆ ಫೈಬರ್ ದೋಣಿ ಬಂದು ಸಂದಿಗೆ ನಾರು ತುಂಬುವ ಕೆಲಸವೇ ಇಲ್ಲವಾಗಿದೆ. ಕೆಲಸ ಹೋದ ಮೇಲೆ ಅದರ ಹೆಸರು ಒಂದು ತಲೆಮಾರಿಗಿಂತ ಹೆಚ್ಚು ಬಾಳುವುದಿಲ್ಲ. ಆ ಫೈಬರ್ ದೋಣಿಗಳ ಹಿಂಬದಿಯನ್ನು ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಅಲ್ಲಿ ಕಟ್ಟಿರುವ ಔಟ್‌ಬೋರ್ಡ್ ಎಂಜಿನ್ ಹಿಂಗೋಡೆಯ ಮೇಲಿಂದ ಹೊರಕ್ಕೆ ತೂಗುತ್ತದೆ, ಅದೇ ಚುಕ್ಕಾಣಿಯೂ ಹೌದು. ಒಡಲಿಗೆ ತೂತಿಲ್ಲ.

ಗೋವೆಯಲ್ಲಿ ಕಟ್ಟಿದ ನೌಕಾಪಡೆಯ ಹಾಯಿದೋಣಿ ತಾರಿಣಿ 2017ರ ಸೆಪ್ಟೆಂಬರ್ 10ರಂದು ಆರು ಮಂದಿ ಮಹಿಳಾ ಅಧಿಕಾರಿಗಳೊಡನೆ ಭೂಪ್ರದಕ್ಷಿಣೆಗೆ ಹೊರಟಿತು. ಮೂರು ಮಹಾಸಾಗರಗಳನ್ನು ದಾಟಿ ಮನೆಯ ಹಾದಿ ಹಿಡಿದ ಮೇಲೆ, 2018ರ ಏಪ್ರಿಲ್‌ನಲ್ಲಿ, ಚುಕ್ಕಾಣಿಯ ಯಂತ್ರದಲ್ಲಿ ದೋಷ ಕಾಣಿಸಿಕೊಂಡು ಯೋಜನೆಯಲ್ಲಿಲ್ಲದ ಮಾರಿಷಸ್‌ನ ಪೋರ್ಟ್ ಲೂಯಿ ಬಂದರಿಗೆ ಅದು ತಿರುಗಬೇಕಾಯಿತು. ದುರಸ್ತಿಯಾಗಿ ಮೇ 21ರಂದು ಗೋವೆಗೆ ಮರಳಿತು. ಅದೇ ಗೋವೆಯಲ್ಲಿ ಕೇರಳದ ಬಡಗಿಗಳ ಕೈಯಿಂದ ಇನ್ನೊಂದು ಹಡಗು ಕಟ್ಟಲ್ಪಟ್ಟಿತು. ಅಜಂತೆಯ ಚಿತ್ರವನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು, ರಾಳ ಬಳಿದ ಆ ಹಡಗನ್ನು ನೌಕಾಪಡೆ 2025ರ ಮೇ 21ರಂದು ಕಾರವಾರದಲ್ಲಿ ಕೌಂಡಿನ್ಯ ಎಂಬ ಹೆಸರಿನಿಂದ ಸೇರಿಸಿಕೊಂಡಿತು. ಅದರ ಹಾಯಿಗಳ ಮೇಲೆ ಗಂಡಭೇರುಂಡ ಮತ್ತು ಸೂರ್ಯನ ಚಿಹ್ನೆಗಳಿವೆ. ಹಿಂಬದಿಯ ಪಕ್ಕದಲ್ಲಿ ಹುಟ್ಟುಗಳು ಹೊರಗೇ ಇಳಿಬಿದ್ದಿವೆ.